ಸರ್ವಾನುಮತದ ರಜೆ

ಭೂಗೋಳದ ಮೇಷ್ಟ್ರು ಕೇಳಿದ್ದು ಅರ್ಧ ದಿನದ ರಜೆ. ಅರ್ಧ ರಾಜ್ಯವನ್ನೇನೂ ಕೇಳಿರಲಿಲ್ಲ.

ಹೆಂಡತಿ ಬೇರೊಂದು ಊರಿನ ಶಾಲೆಯಲ್ಲಿ ಟೀಚರು. ಮದುವೆಯಾದಾಗಿನಿಂದ ಇವರ ಸಂಸಾರ ನಡೆದಿದ್ದೆಲ್ಲ ಫೋನಿನಲ್ಲಿ ಮತ್ತು ಭಾನುವಾರಗಳಲ್ಲಿ. ಈ ಸಲ ಪರೀಕ್ಷೆಯ ಗಲಾಟೆಯಲ್ಲಿ ಭಾನುವಾರಗಳೂ ಕೈಬಿಟ್ಟು ಹೋಗಿದ್ದವು. ನಾಳೆ ಬೆಳಿಗ್ಗೆ ಅವಳು ತಿಂಗಳುಗಟ್ಟಲೆ ತರಬೇತಿಗೆಂದು ದೂರದ ಊರಿಗೆ ರೈಲು ಹತ್ತುತ್ತಾಳೆ. ಇವತ್ತು ಮೂರು ಗಂಟೆಯ ಬಸ್ಸು ಹಿಡಿದರೆ ರಾತ್ರಿ ಊಟದ ಹೊತ್ತಿಗೆ ಅವಳೆದುರು ಕೂತಿರಬಹುದು. ಅದು ತಪ್ಪಿದರೆ ಆಮೇಲೆ ಬಸ್ಸಿಲ್ಲ. ಮಾತಿನ ನಡುವೆ ಜಾರುವ ಕನ್ನಡಕವನ್ನು ಅವಳು ಬೆರಳಲ್ಲಿ ಮೇಲೆ ತಳ್ಳುವುದನ್ನು ಒಂದು ಸಲ ನೋಡಬೇಕು ಎಂದು ಮೇಷ್ಟ್ರ ಜೀವ ಒದ್ದಾಡುತ್ತಿತ್ತು. ಅದನ್ನು ಅರ್ಜಿಯಲ್ಲಿ ಬರೆಯಲಾಗುತ್ತದೆಯೇ? ‘ಸ್ವಂತ ಕೆಲಸ’ ಎಂದು ಬರೆದರು.

ಹಿಂದಿನ ಪ್ರಿನ್ಸಿಪಾಲರಿದ್ದಿದ್ದರೆ ಇದು ಒಂದು ನಿಮಿಷದ ಮಾತು. "ಇದೇನ್ರೀ, ನಿಮ್ಮ ಮಾವನ ಮನೆಯಾ?" ಎಂದು ಸೂರು ಹಾರಿಹೋಗುವಂತೆ ಕಿರುಚಿ, ಅದೇ ಉಸಿರಿನಲ್ಲಿ ಸಹಿ ಹಾಕಿ ಎಸೆಯುತ್ತಿದ್ದರು. ಈಗಿನ ಮೇಡಂ ಹಾಗಲ್ಲ, ಬೆಣ್ಣೆಯಂಥ ಮನಸ್ಸು. ನಾಲ್ಕು ಜನರನ್ನು ಕೇಳದೆ ಕಿಟಕಿಯನ್ನೂ ತೆರೆಸುವವರಲ್ಲ.

"ನಾನೊಬ್ಳೇ ಹೇಗೆ ತೀರ್ಮಾನ ಮಾಡ್ಲಿ ಮೇಷ್ಟ್ರೇ? ನಿಮ್ಮ ಕ್ಲಾಸು ನೋಡ್ಕೊಳ್ಳೋರು ಉಳಿದ ಟೀಚರುಗಳಲ್ವಾ? ಊಟ ಆದ್ಮೇಲೆ ಎಲ್ಲರೂ ಕೂರೋಣ. ಐದೇ ನಿಮಿಷ."

ಮಕ್ಕಳನ್ನು ಆಟಕ್ಕೆ ಬಿಟ್ಟು ಎಲ್ಲರೂ ಕೂತರು. ಮೇಡಂ ಒಂದು ಬುಟ್ಟಿ ತಿರುಗಿಸಿ ಎಲ್ಲರ ಫೋನನ್ನೂ ಆಫ್ ಮಾಡಿಸಿ ಹಾಕಿಸಿಕೊಂಡರು. ಸರದಿ ಪ್ರಕಾರ ಮಾತಾಡಬೇಕು, ನಡುವೆ ಯಾರೂ ಬಾಯಿ ಹಾಕಬಾರದು. ಆ ‘ಸ್ವಂತ ಕೆಲಸ’ ಏನೆಂದು ಮೇಷ್ಟ್ರು ಮೊದಲು ಬಿಡಿಸಿ ಹೇಳಬೇಕಾಯಿತು.

ಡ್ರಿಲ್ ಮಾಸ್ಟರು ಶುರುಮಾಡಿದರು. "ಹೆಂಡ್ತೀನ ನೋಡೋಕೆ ರಜೆನಾ? ನಾನು ದಿನಾ ನೋಡ್ತೀನಲ್ಲ, ನನಗೆ ಯಾರು ಕೊಡ್ತಾರೆ ರಜೆ?"

ಕೋಣೆಯೆಲ್ಲ ನಗು. ಮೇಷ್ಟ್ರೂ ಹಲ್ಲು ಕಿರಿದರು. ರಜೆ ಬೇಕಾದವನು ನಗಲೇಬೇಕು.

"ಮನೇಲಿ ಎಲ್ಲ ಸರಿಯಾಗಿದೆ ತಾನೆ?" ವಿಜ್ಞಾನದ ಮೇಡಂ ದನಿ ತಗ್ಗಿಸಿದರು. "ಮುಚ್ಚಿಡಬೇಡಿ, ನಾವೆಲ್ಲ ನಿಮ್ಮೋರೇ."

"ಅಯ್ಯೋ, ಏನೂ ಇಲ್ಲ ಮೇಡಂ!"

"ಏನೂ ಇಲ್ಲ ಅನ್ನೋರ ಮನೇಲೇ ಎಲ್ಲ ಇರೋದು."

ಅದರ ಮೇಲೆ ಒಂದು ಸುತ್ತು ಚರ್ಚೆಯಾಯಿತು. ಅಷ್ಟರಲ್ಲಿ ಬಾಗಿಲು ಸರಿಸಿ ಲೈಬ್ರರಿ ಮೇಡಂ ತಡವಾಗಿ ಬಂದರು. ಆಕೆ ಮೀಟಿಂಗಿನಲ್ಲಿ ಬಾಯಿ ಬಿಟ್ಟಿದ್ದನ್ನು ಕಂಡವರೇ ಇರಲಿಲ್ಲ.

"ಅದು... ಹೊರಗಡೆ..." ಎಂದರು.

ಪ್ರಿನ್ಸಿಪಾಲ್ ಮೇಡಂಗೆ ಸ್ವರ್ಗಕ್ಕೆ ಮೂರೇ ಗೇಣು. "ನೋಡಿ, ಇವ್ರೂ ಮಾತಾಡ್ತಿದ್ದಾರೆ! ಕೂತ್ಕೊಳ್ಳಿ, ನಿಮ್ಮ ಸರದೀಲಿ ಮನಸ್ಸು ಬಿಚ್ಚಿ ಹೇಳಿ."

ಬಾಗಿಲ ಬಳಿಯ ಕುರ್ಚಿ, ಕೊನೆಯ ಸರದಿ. ಆಕೆ ಇನ್ನೆರಡು ಸಲ ಬಾಯಿ ತೆರೆದರು, ಎರಡು ಸಲವೂ ಮೇಡಂ ಪ್ರೀತಿಯಿಂದ ಕೈಯೆತ್ತಿ ತಡೆದರು. ಗಣಿತದವರು ತಮ್ಮ ಮದುವೆಯ ಕತೆ ಹೇಳಿದರು. ಸಂಗೀತದ ಟೀಚರು ಕಣ್ಣೊರೆಸಿಕೊಂಡರು. ಮೇಷ್ಟ್ರು ಕಾದ ಹೆಂಚಿನ ಮೇಲೆ ಕೂತಂತೆ ಗಡಿಯಾರ ನೋಡುತ್ತಿದ್ದರು.

ಕೊನೆಗೆ ಎಲ್ಲರ ಮನಸ್ಸೂ ಕರಗಿತು. ಅರ್ಧ ದಿನ ಯಾತಕ್ಕೆ ಸಾಲುತ್ತದೆ? ಒಂದು ವಾರ ಕೊಡೋಣ!

"ಲೈಬ್ರರಿ ಮೇಡಂ, ಈಗ ನೀವು. ನಿಮ್ಮ ಅಭಿಪ್ರಾಯ?"

"ಅಭಿಪ್ರಾಯ ಏನೂ ಇಲ್ಲ ಮೇಡಂ. ಇವ್ರ ಮನೆಯವ್ರು ಬಂದಿದ್ರು. ಆಗಿಂದ ಹೊರಗೆ ಬೆಂಚಿನ ಮೇಲೇ ಕೂತಿದ್ರು. ಆಗ್ಲೇ ಎದ್ದು ಹೋದ್ರು, ಕಿಟಕೀಲಿ ನೋಡ್ದೆ. ಮೂರು ಗಂಟೆ ಬಸ್ಸಿಗೆ ವಾಪಸ್ ಹೋಗ್ಬೇಕು ಅಂದಿದ್ರು."

ಮೇಷ್ಟ್ರು ಬುಟ್ಟಿಯಿಂದ ಫೋನು ಕಿತ್ತುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದರು. ನಿಲ್ದಾಣದಲ್ಲಿ ಬಸ್ಸಿರಲಿಲ್ಲ, ಧೂಳಿತ್ತು. ಫೋನು ಆನ್ ಮಾಡಿ ಹೆಂಡತಿಗೆ ಕರೆ ಮಾಡಿದರು.

"ಬೆಳಿಗ್ಗೆ ನಮ್ಮ ಹೆಡ್‌ಮಾಸ್ಟರನ್ನ ಕೇಳಿದೆ ರೀ. ಮುಖಾನೂ ನೋಡ್ದೆ ‘ತೊಲಗಿ’ ಅಂದ್ರು, ಓಡಿ ಬಂದುಬಿಟ್ಟೆ. ಹೇಳದೆ ಬಂದು ಸರ್‌ಪ್ರೈಸ್ ಕೊಡೋಣ ಅಂತ."

"ಬಾಗಿಲು ತಟ್ಟೋದಲ್ವೇನೇ?"

"ನಮ್ಮಲ್ಲಿ ಮೀಟಿಂಗ್ ಮಧ್ಯೆ ತಟ್ಟಿದ್ರೆ ಮೈಮೇಲೆ ಬೀಳ್ತಾರೆ. ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಸುಮ್ನಿದ್ದೆ." ಬಸ್ಸಿನ ಸದ್ದಿನ ನಡುವೆ ಅವಳ ದನಿ ಸಣ್ಣಗಾಯಿತು. "ಒಳಗಿಂದ ಎಷ್ಟು ನಗು ಕೇಳಿಸ್ತಿತ್ತು ಗೊತ್ತಾ? ನೀವು ಒಳ್ಳೇ ಜನರ ಮಧ್ಯೆ ಇದೀರ, ನನಗಷ್ಟು ಸಾಕು."

ಬಾಗಿಲಿನ ಆಚೆ ಅವಳು, ಈಚೆ ತಾನು. ಇಷ್ಟು ಹೊತ್ತು ಹಲ್ಲು ಕಿರಿದುಕೊಂಡು ಕೂತಿದ್ದೆನಲ್ಲ ಎಂದು ಮೇಷ್ಟ್ರಿಗೆ ಸಂಕಟವಾಯಿತು. ಫೋನು ಕಟ್ಟಾಯಿತು.

ಹಿಂದೆ ಏದುಸಿರಿನ ಸದ್ದು. ಇಡೀ ಸ್ಟಾಫ್ ರೂಮು ಓಡಿ ಬಂದಿತ್ತು. ಪ್ರಿನ್ಸಿಪಾಲ್ ಮೇಡಂ ಕಣ್ಣಲ್ಲಿ ನಿಜವಾದ ನೀರು.

"ಮೇಷ್ಟ್ರೇ, ನಿಮ್ಮ ರಜೆ ಸರ್ವಾನುಮತದಿಂದ ಪಾಸಾಗಿದೆ. ಪೂರ್ತಿ ಒಂದು ವಾರ. ಆರಾಮಾಗಿ ಹೋಗ್ಬನ್ನಿ."

"ಇನ್ನು ಎಲ್ಲಿಗೆ ಹೋಗ್ಲಿ ಮೇಡಂ?"

ಮೇಡಂ ಬಸ್ ನಿಲ್ದಾಣದ ಕಲ್ಲುಬೆಂಚನ್ನು ಸೆರಗಿನಿಂದ ಒರೆಸಿ, ಎಲ್ಲರತ್ತ ತಿರುಗಿದರು.

"ಒಳ್ಳೇ ಪ್ರಶ್ನೆ. ಬನ್ನಿ, ಎಲ್ಲರೂ ಕೂತ್ಕೊಳ್ಳಿ. ಐದೇ ನಿಮಿಷ."