ಸ್ಕೂಟರ್ ಬಟ್ಟೆಯ ಹರಕೆ

ನನ್ನಂಥ ಬಡಪಾಯಿ ಅಳಿಯನಿಗೆ ಈ ಲೋಕದಲ್ಲಿ ಸಿಗುವ ಒಂದೇ ರಾಜಮರ್ಯಾದೆ ಎಂದರೆ ಅತ್ತೆಮನೆಯ ನಾಟಿಕೋಳಿ ಸಾರು. ಉಳಿದ ದಿನ ಸಿಗುವುದು ಹೆಂಡತಿಯ ಬೈಗುಳ. ಅದರಲ್ಲಿ ಮುದ್ದೆ ಅದ್ದಿಕೊಂಡು ತಿನ್ನಲಾಗುವುದಿಲ್ಲ. ಆದ್ದರಿಂದ ಭಾನುವಾರ ಬೆಳಗ್ಗೆ ಹೆಂಡತಿ ಪ್ರಮೋದಾಳನ್ನೂ ಐದು ವರ್ಷದ ಮಗಳು ಅಕ್ಷತಳನ್ನೂ ಸ್ಕೂಟರಿಗೆ ಹೇರಿಕೊಂಡು ಸಮೇತನಹಳ್ಳಿಯ ತೋಟಕ್ಕೆ ಹೊರಟೆ. ಆ ಅವಸರದಲ್ಲಿ ಮಗಳ ಬಟ್ಟೆಯ ಚೀಲ ಮನೆಯಲ್ಲೇ ಉಳಿದಿತ್ತು. ವಿಷಯ ತೋಟದಲ್ಲಿ ಇಳಿದ ಮೇಲೆ ಬಯಲಾಯಿತು.

"ಇನ್ನೊಂದ್ ಸಲ ಏನಾದ್ರೂ ಮರೆತ್ರೆ ನಿಮ್ಮನ್ನ ಸಿಗಿದು ತೋರಣ ಕಟ್ಬಿಡ್ತೀನಿ ಕಣ್ರೀ" ಎಂದಳು ಪ್ರಮೋದಾ.

ನನಗಿದು ನಿತ್ಯದ ಸುಪ್ರಭಾತ, ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಷತ ಹಾಕಿಕೊಂಡಳು.

ಅತ್ತೆ ಮುನಿವೆಂಕಟಮ್ಮನವರು ಅಂಗಳದಲ್ಲಿ ಎದೆಯುಬ್ಬಿಸಿ ತಿರುಗುತ್ತಿದ್ದ ಕೆಂಪು ಹುಂಜವನ್ನು ತೋರಿಸಿ, ಮಧ್ಯಾಹ್ನಕ್ಕೆ ಇದೇ ಎಂದರು. ನಾನು ಮನಸ್ಸಿನಲ್ಲೇ ಅದಕ್ಕೆ ಶ್ರದ್ಧಾಂಜಲಿ ಅರ್ಪಿಸಿದೆ. ಅಷ್ಟರಲ್ಲಿ ಅಕ್ಷತ ಕೊಟ್ಟಿಗೆಯಲ್ಲಿದ್ದ ಹೋತದ ಮುಂದೆ ನಿಂತು, ಇದರ ಕುತ್ತಿಗೆಗೆ ಮಾತ್ರ ಹಳದಿ ಬಟ್ಟೆ ಯಾಕೆ ಎಂದು ಕೇಳಿದಳು.

"ಅದು ಅಮ್ಮನೋರಿಗೆ ಹರಕೆ ಬಿಟ್ಟಿರೋದು ಕಂದ" ಎಂದರು ಅತ್ತೆ. "ಬಟ್ಟೆ ಕಟ್ಟಿದ್ಮೇಲೆ ಅದರ ತಂಟೆಗೆ ಯಾರೂ ಹೋಗಂಗಿಲ್ಲ. ಮಂಗಳವಾರ ಗುಡಿಗೆ ಕರ್ಕೊಂಡ್ ಹೋಗ್ತೀವಿ."

"ಆಮೇಲೆ ಮನೆಗ್ ಬರುತ್ತಾ ಅಜ್ಜಿ?"

ಅತ್ತೆ ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದರು.

ನಾನು ಹೊಂಗೆ ಮರದ ಕೆಳಗೆ ಮಂಚ ಹಾಕಿಸಿಕೊಂಡು ಪವಡಿಸಿದೆ. ಕಣ್ಣು ಹತ್ತುವ ಹೊತ್ತಿಗೆ ಮಗಳು ಬಂದು ಹಳದಿ ಬಟ್ಟೆ ಬೇಕೆಂದು ಪೀಡಿಸತೊಡಗಿದಳು. ನಿದ್ದೆ ಉಳಿದರೆ ಸಾಕೆಂದು ಸ್ಕೂಟರ್ ಒರೆಸುವ ಹಳದಿ ಬಟ್ಟೆಯನ್ನು ತೆಗೆದು, ನನ್ನ ಕೈಯಾರೆ ಚಿಂದಿ ಚಿಂದಿ ಹರಿದು ಕೊಟ್ಟೆ. (ಇಂಥ ಔದಾರ್ಯ ನನ್ನಲ್ಲಿ ಅಪರೂಪ. ಇನ್ನು ಮುಂದೆ ಇರುವುದೂ ಇಲ್ಲ.)

ಎದ್ದಾಗ ತೋಟದಲ್ಲಿ ಕೋಲಾಹಲ. ಕರುವಿನ ಕಿವಿಗೆ ಹಳದಿ, ಬೆಕ್ಕಿನ ಬಾಲಕ್ಕೆ ಹಳದಿ. ಮೇಕೆಮರಿಯೊಂದು ತನ್ನ ಪಾಲಿನ ಹರಕೆಯನ್ನು ಆಗಲೇ ಅರ್ಧ ತಿಂದಿತ್ತು. ಅಕ್ಷತಳ ತಲೆಯನ್ನು ಕರು ನೆಕ್ಕಿ ನೆಕ್ಕಿ ಕೂದಲೆಲ್ಲ ಮೇಲಕ್ಕೆ ನಿಂತಿತ್ತು. ಮಾವ ರಾಮಾಂಜಿನಪ್ಪನವರು ಕಂಕುಳಲ್ಲಿ ಹುಂಜವನ್ನು ಹಿಡಿದು ದಿಕ್ಕು ತೋಚದೆ ನಿಂತಿದ್ದರು. ಅಕ್ಕಿ ತಿನ್ನಿಸಿ ತಿನ್ನಿಸಿ ಮಗಳು ಅದರ ಎರಡು ಕಾಲಿಗೂ ಬಟ್ಟೆ ಕಟ್ಟಿದ್ದಳು.

ಅತ್ತೆ ಗಲ್ಲ ಬಡಿದುಕೊಂಡು, ಇನ್ನಿದು ಅಮ್ಮನ ಪಾಲು, ಕುಯ್ಯುವುದಿಲ್ಲ ಎಂದುಬಿಟ್ಟರು.

"ಅತ್ತೆ, ಅದು ಗಾಡಿ ಒರೆಸೋ ಬಟ್ಟೆ" ಎಂದೆ.

"ಅಮ್ಮ ಬಟ್ಟೆ ನೋಡ್ತಾಳಾ, ಮಗೂ ಮನಸ್ಸು ನೋಡ್ತಾಳಾ?"

ಕಡೆಗೆ ಮಾವ ಹೊಸಕೋಟೆಗೆ ಹೋಗಿ ಅಂಗಡಿಯಿಂದ ಕೋಳಿ ತಂದರು. ಫಾರಂ ಕೋಳಿಯಾದರೇನು, ಅತ್ತೆಯ ಕೈಯ ಮಸಾಲೆ ಬಿದ್ದ ಮೇಲೆ ಘಮ ತೋಟವನ್ನೆಲ್ಲ ತುಂಬಿತು. ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಮುದ್ದೆಗೆ ಗುಂಡಿ ಮಾಡಿಕೊಂಡೆ. ಸೌಟು ನನ್ನ ಎಲೆಯ ಮೇಲೆ ಬಂದು ಗಾಳಿಯಲ್ಲೇ ನಿಂತಿತು.

"ಅಳಿಯಂದ್ರೇ, ಕಾಲಲ್ಲಿ ಏನದು?"

ನನ್ನ ಬಲಗಾಲಿನ ಹೆಬ್ಬೆರಳಿಗೆ ಹಳದಿ ಚಿಂದಿ ಬಿಗಿಯಾಗಿ ಕಟ್ಟಿತ್ತು. ಬಿಚ್ಚಲು ಹೋದ ನನ್ನ ಕೈಯನ್ನು ಪ್ರಮೋದಾ ಹಿಡಿದುಕೊಂಡಳು. ಗುಡಿ ಮುಂದೆಯೇ ಬಿಚ್ಚಬೇಕಂತೆ, ಅಲ್ಲಿಯವರೆಗೆ ಬಾಡು ಮುಟ್ಟುವಂತಿಲ್ಲವಂತೆ. ಅತ್ತೆಯೂ ಪ್ರಮೋದಾಳೂ ಇಷ್ಟು ಒಗ್ಗಟ್ಟಾಗಿದ್ದನ್ನು ನಾನು ಕಂಡದ್ದು ಇದೇ ಮೊದಲು.

ಯಾಕೆ ಕಟ್ಟಿದೆ ಎಂದು ಮಗಳನ್ನು ಗದರಿಸಿದೆ. ಅವಳು ಬಂದು ನನ್ನ ತೊಡೆಯ ಮೇಲೆ ಕೂತಳು.

"ಅಮ್ಮ ನಿನ್ನ ಸಿಗೀತೀನಿ ಅಂದ್ಳಲ್ಲಪ್ಪ. ಇನ್ ಸಿಗಿಯಂಗಿಲ್ಲ."

ನನ್ನ ಕಣ್ಣು ತುಂಬಿ ಬಂತು. ಅರ್ಧ ಮಗಳ ಪ್ರೀತಿಗೆ, ಅರ್ಧ ಪ್ರಮೋದಾಳ ಎಲೆಯಲ್ಲಿದ್ದ ಕಾಲಿನ ಪೀಸಿಗೆ. ಸೊಪ್ಪಿನ ಸಾರಿನಲ್ಲಿ ಮುದ್ದೆ ನುಂಗಿದೆ. ಕೆಂಪು ಹುಂಜ ಬಂದು ನನ್ನ ಎಲೆಯ ಅಂಚಿನ ಅನ್ನವನ್ನು ಕುಕ್ಕಿಕೊಂಡು ಹೋಯಿತು.

ಹೊರಡುವಾಗ ಅತ್ತೆ, ಮಂಗಳವಾರ ಹೋತ, ಹುಂಜದ ಜೊತೆ ನನ್ನನ್ನೂ ತಪ್ಪದೆ ಗುಡಿಗೆ ಕರೆತರಬೇಕೆಂದು ಪ್ರಮೋದಾಗೆ ಹೇಳಿದರು.

"ಆಮೇಲೆ ಅಪ್ಪ ಮನೆಗ್ ಬರುತ್ತಾ ಅಜ್ಜಿ?" ಎಂದು ಕೇಳಿದಳು ಅಕ್ಷತ.

ಅತ್ತೆ ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದರು.