ಗುತ್ತಿಗೆದಾರರೊಂದಿಗೆ ಸೌಹಾರ್ದ ಕಾಪಾಡಿಕೊಂಡ ಬಗೆ

ಕಂಟ್ರಾಕ್ಟರನ ಜೊತೆ ಒಂದು ದಿನವೂ ಮುಖ ಕೆಡಿಸಿಕೊಳ್ಳದೆ ಮನೆ ಕಟ್ಟಿಸಿದ ಮನುಷ್ಯ ಭೂಮಿಯ ಮೇಲೆ ಒಬ್ಬನೇ, ಅವನು ಲಾರಿ ತಾತ. ಇದನ್ನು ಸುಳ್ಳೆನ್ನಬಲ್ಲ ಕಂಟ್ರಾಕ್ಟರು ತೀರಿಹೋಗಿದ್ದಾನೆ, ಕಾಗದಪತ್ರಗಳನ್ನು ಗೆದ್ದಲು ಕೂಲಂಕಷವಾಗಿ ಪರಿಶೀಲಿಸಿ ಮುಗಿಸಿದೆ, ತಾತನ ಹೆಂಡತಿ ಮಗಳ ಮನೆಗೆ ಹೋಗಿದ್ದಾಳೆ. ಹಾಗಾಗಿ ದರ್ಜಿಯ ಅಂಗಡಿ ಬೆಂಚಿನ ಮೇಲೆ ಕೂತು ತಾತ ಆಡಿದ ಮಾತು ಆ ಸಂಜೆಯ ಮಟ್ಟಿಗೆ ಸತ್ಯವೆಂದೇ ಅಂಗೀಕಾರವಾಯಿತು.

ಕೇಳಿದವಳು ಟೀಚರಮ್ಮ. ಕಟ್ಟಬೇಕಾದ ಮನೆಗೆ ಈಗಲೇ ಕಿಟಕಿ ಪರದೆ ಹೊಲಿಸಲು ಬಂದಿದ್ದಳು. "ನಾಳೆ ನಮ್ಮನೆ ಕಟ್ಟೋ ಕರಾರಿಗೆ ಸೈನ್ ಹಾಕ್ಬೇಕು ತಾತ. ಕಂಟ್ರಾಕ್ಟರ್ ಹತ್ರ ಹೇಗಿರ್ಬೇಕು, ಸ್ವಲ್ಪ ಹೇಳಿ."

ತಾತ ಕಾಲ ಮೇಲೆ ಕಾಲು ಹಾಕಿಕೊಂಡ.

ಅವನ ಕಾಲದ ಕರಾರು ನಲವತ್ತು ಪುಟದ್ದಿತ್ತಂತೆ. ಅಕ್ಷರ ಬಾರದ ತಾತ ಅದನ್ನು ತೂಕ ನೋಡಿಯೇ ಒಪ್ಪಿ ಹೆಬ್ಬೆಟ್ಟು ಒತ್ತಿದ. ಆಮೇಲೆ ಕಂಟ್ರಾಕ್ಟರನ ಗುಮಾಸ್ತ ಓದಿ ಹೇಳಿದ:

"ಕಲಂ ಮೂರು. ಮಾಲೀಕರು ಗುತ್ತಿಗೆದಾರರ ಮನಸ್ಸು ನೋಯುವಂತೆ ತಪ್ಪು ತೋರಿಸತಕ್ಕದ್ದಲ್ಲ. ದೂರುಗಳೇನಾದರೂ ಇದ್ದಲ್ಲಿ ಮೆಚ್ಚುಗೆಯ ರೂಪದಲ್ಲಿ, ಮೂರು ಪ್ರತಿಗಳಲ್ಲಿ, ಸೋಮವಾರದಂದು ಸಲ್ಲಿಸತಕ್ಕದ್ದು. ಕಲಂ ನಾಲ್ಕು. ಮೆಚ್ಚುಗೆ ಪಡೆದ ಕೆಲಸವನ್ನು ಗುತ್ತಿಗೆದಾರರು ಇನ್ನಷ್ಟು ಮಾಡತಕ್ಕದ್ದು. ಕಲಂ ಐದು. ಸೌಹಾರ್ದ ಕೆಟ್ಟಲ್ಲಿ ಕಟ್ಟಿದ್ದನ್ನೆಲ್ಲ ಕೆಡವಿ, ಪಾಯದಿಂದ ಪುನಃ ಪ್ರಾರಂಭಿಸತಕ್ಕದ್ದು."

ಪಾಯದಿಂದ ಪ್ರಾರಂಭಿಸಲು ತಾತನಿಗೆ ಪುರುಸೊತ್ತಿರಲಿಲ್ಲ. ಬಾಡಿಗೆ ಮನೆಯ ಯಜಮಾನ ಮೂವತ್ತನೇ ತಾರೀಕಿಗೆ ಜಾಗ ಖಾಲಿ ಮಾಡಬೇಕೆಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ಹೆಂಡತಿ, ಇಬ್ಬರು ಮಕ್ಕಳು, ಒಂದು ಹೊಲಿಗೆ ಮೆಷೀನು. ಆ ದಿನ ಹೊಸ ಮನೆ ಇಲ್ಲದಿದ್ದರೆ ಇಷ್ಟೂ ರಸ್ತೆ ಮೇಲೆ.

ಗೋಡೆ ಆಳೆತ್ತರ ಎದ್ದಾಗ ಹೆಂಡತಿ ಮನೆಯನ್ನು ಮೂರು ಸುತ್ತು ಸುತ್ತಿ ಬಂದಳು.

"ರೀ, ಬಾಗಿಲಿಗೆ ಜಾಗ ಎಲ್ಲಿ ಬಿಟ್ಟಿದಾರೆ?"

"ಸುಮ್ನಿರೇ, ಕೇಳಿಸ್ಕೋತಾನೆ."

"ಕೇಳಿಸ್ಕೊಳ್ಳಲಿ ಅಂತಾನೇ ಹೇಳ್ತಿರೋದು."

ಸೋಮವಾರ ತಾತ ಮೆಚ್ಚುಗೆ ಬರೆಸಿದ: "ತಮ್ಮ ಗೋಡೆ ಎಷ್ಟು ಭದ್ರವೆಂದರೆ ಒಳಗೆ ಹೋಗಲು ಒಂದು ಇರುವೆಗೂ ದಾರಿ ಇಲ್ಲ." ಇಷ್ಟು ಹೇಳಿದರೆ ಎಂಥವನಿಗೂ ಅರ್ಥವಾಗಬೇಕು. ಕಂಟ್ರಾಕ್ಟರು ಓದಿ ಕಣ್ಣೊರೆಸಿಕೊಂಡ. ಮೂವತ್ತು ವರ್ಷದಲ್ಲಿ ಯಾರೂ ಅವನಿಗೆ ಇಂಥ ಮಾತು ಹೇಳಿರಲಿಲ್ಲ. ಮಾರನೇ ದಿನವೇ ಮೂರು ಕಿಟಕಿಯಲ್ಲಿ ಎರಡನ್ನು ಮುಚ್ಚಿಸಿದ.

ಮುಂದಿನ ಸೋಮವಾರ ತಾತ ಇನ್ನೂ ಹುಷಾರಾಗಿ, "ಉಳಿದಿರುವ ಒಂದು ಕಿಟಕಿ ಮನೆಗೆ ಕಣ್ಣಿದ್ದಂತಿದೆ, ಆದರೂ ತಮ್ಮ ಗೋಡೆಯೇ ಹೆಚ್ಚು ಚೆಂದ" ಎಂದು ಬರೆಸಿದ. 'ಆದರೂ' ಅನ್ನುವುದರಿಂದ ಮುಂದಿನದು ಬರೀ ಮರ್ಯಾದೆಗೆ. ಕಂಟ್ರಾಕ್ಟರು ಅಷ್ಟನ್ನೇ ಹಿಡಿದುಕೊಂಡ. ಅಷ್ಟರಲ್ಲಿ ಮೇಲೆ ತಾರಸಿ ಬಿದ್ದು, ಒಳಗೆ ಬಣ್ಣವೂ ಆಗಿತ್ತು. ಹೊರಗಿನ ಗೋಡೆಯ ಅಂದ ಕೆಡಬಾರದೆಂದು ಮೇಸ್ತ್ರಿ ಒಳಗೆ ನಿಂತೇ ಆ ಕಿಟಕಿಯನ್ನೂ ಮುಚ್ಚಿ, ಒಳಗಿನಿಂದಲೇ ನುಣ್ಣಗೆ ಗಾರೆ ಮಾಡಿದ.

ಇನ್ನು ಗಂಡನನ್ನು ನಂಬಿ ಉಪಯೋಗವಿಲ್ಲವೆಂದು ಹೆಂಡತಿ ತಾನೇ ಒಂದು ಚೀಟಿ ಬರೆದಳು: "ಬಾಗಿಲು ಬೇಕು."

ಗುಮಾಸ್ತ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದರಲ್ಲಿ ಮೆಚ್ಚುಗೆ ಎಲ್ಲಿದೆ ಅಕ್ಕ?"

ಅವಳು ಹಲ್ಲು ಕಚ್ಚಿಕೊಂಡು ತಿದ್ದಿದಳು: "ತಾವು ಮಾಡಿಸುವ ಬಾಗಿಲನ್ನು ಕಣ್ತುಂಬ ನೋಡುವ ಆಸೆಯಾಗಿದೆ."

ಚೀಟಿ ಸ್ವೀಕೃತವಾಯಿತು. ಕಂಟ್ರಾಕ್ಟರು ಗಂಡ ಹೆಂಡತಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಬಾಗಿಲು ತೋರಿಸಿದ. ತೇಗದ್ದು, ಹಿತ್ತಾಳೆ ಚಿಲಕ. ಇಬ್ಬರೂ ಅರ್ಧ ಗಂಟೆ ನೋಡಿದರು. ಬಹಳ ಚೆನ್ನಾಗಿತ್ತು.

ಮೂವತ್ತನೇ ತಾರೀಕು ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದರೆ, ಕಂಟ್ರಾಕ್ಟರು ಗೋಡೆಯ ಮುಂದೆ ಬೀಗದ ಕೈ ಹಿಡಿದು ನಿಂತಿದ್ದ. ಬೀಗದ ಕೈ ತಾತನ ಅಂಗೈಗಿಟ್ಟು, "ಅಣ್ಣ, ಒಂದೇ ಒಂದು ದೂರಿಲ್ಲದೆ ಮುಗಿದ ನನ್ನ ಮೊದಲನೇ ಕೆಲಸ ಇದು" ಎಂದು ಬಿಕ್ಕಿದ.

ತಾತನ ಬಾಯಿಗೆ ಬಂದ ಮಾತು ಕಲಂ ಐದು ನೆನಪಾಗಿ ಅಲ್ಲೇ ನಿಂತಿತು. ಹೆಂಡತಿ ಗಂಡನ ಮುಖ ನೋಡಿದಳು, ಲಾರಿ ಮೇಲಿನ ಮಕ್ಕಳನ್ನು ನೋಡಿದಳು, ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಏಣಿ ಇದೆಯೇನಪ್ಪ?"

"ನಮ್ಮ ನಿಮ್ಮ ಸಂಬಂಧಕ್ಕೆ ಏಣಿ ಹೆಚ್ಚಾ ಅಕ್ಕ, ಇಟ್ಕೊಳ್ಳಿ."

ಹೀಗೆ ಸಂಸಾರ ತಾರಸಿ ಹತ್ತಿತು. ಟಾರ್ಪಾಲು ಕಟ್ಟಿ ಒಲೆ ಹೂಡಿದರು. ಯಾರಾದರೂ ಮನೆ ಹೇಗಿದೆಯೆಂದು ಕೇಳಿದರೆ, ಗುಡಿಸುವ ಕೆಲಸವೇ ಇಲ್ಲ ಎನ್ನುತ್ತಿದ್ದಳು ಹೆಂಡತಿ.

ಮನೆಗಳ ತನಿಖೆಗೆ ಬಂದ ಪುರಸಭೆ ಅಧಿಕಾರಿ ಏಣಿ ಹತ್ತಿ, ಬೆವರೊರೆಸಿಕೊಂಡು, ಮನೆಯೊಳಗೆ ಯಾರಾದರೂ ವಾಸವಿದ್ದಾರೆಯೇ ಎಂದು ಕೇಳಿದ. ನಾವಂತೂ ಇಲ್ಲ ಸ್ವಾಮಿ ಎಂದ ತಾತ. ಅಧಿಕಾರಿ ನಮೂನೆಯಲ್ಲಿ 'ತಾರಸಿ ವಾಸಿಗಳು' ಎಂದು ಹೊಸದೊಂದು ಅಂಕಣ ಎಳೆದು ಮೊಹರು ಒತ್ತಿದ. ಅಂಕಣವೊಂದು ಹುಟ್ಟಿದ ಮೇಲೆ ಅದು ಖಾಲಿ ಬೀಳುವಂತಿಲ್ಲ. ವರ್ಷದೊಳಗೆ ಬೀದಿಯ ಹದಿನಾಲ್ಕು ಮನೆಯವರು ತಾರಸಿ ಸೇರಿದರು, ಮನೆಯೊಳಗೆ ಕದಿಯಲು ಏನೂ ಸಿಗದೆ ಕಳ್ಳರು ಬೇಸತ್ತು ಊರು ಬಿಟ್ಟರು, ಮೂಲೆಯ ಕಂಬಕ್ಕೆ ಪ್ರಕಟಣೆ ಬಂತು: "ಮನೆಯೊಳಗೆ ವಾಸಿಸಲಿಚ್ಛಿಸುವವರು ಸೂಕ್ತ ಕಾರಣ ತಿಳಿಸಿ ಪೂರ್ವಾನುಮತಿ ಪಡೆಯತಕ್ಕದ್ದು." ಇವತ್ತಿನವರೆಗೆ ಒಬ್ಬರೂ ಅರ್ಜಿ ಹಾಕಿಲ್ಲ.

"ಆ ಕಂಟ್ರಾಕ್ಟರು ಸಾಯೋವರೆಗೂ ನನ್ನನ್ನ ಅಣ್ಣ ಅಂತಾನೇ ಕರೆದ" ಎಂದು ತಾತ ಮುಗಿಸಿದ. "ಸಂಬಂಧ ಅಂದ್ರೆ ಅದು."

ದರ್ಜಿ ಮೆಷೀನು ನಿಲ್ಲಿಸಿ ತಲೆದೂಗಿದ. ಟೀಚರಮ್ಮ ಮಾತ್ರ ಕಾಪಿ ತಿದ್ದುವಾಗಿನ ಮುಖ ಮಾಡಿದ್ದಳು.

"ತಾತ, ಬಾಗಿಲಿಲ್ಲ, ಮೇಲೆ ತಾರಸಿ ಬಿದ್ದಿದೆ. ಮೇಸ್ತ್ರಿ ಒಳಗೆ ನಿಂತ್ಕೊಂಡು ಕೊನೇ ಕಿಟಕಿ ಮುಚ್ಚಿದ ಅಂದ್ರಿ. ಆಮೇಲೆ ಅವನು ಹೊರಗೆ ಹೇಗೆ ಬಂದ?"

ತಾತ ಭುಜ ಕುಣಿಸಿದ.

"ಬಂದ ಅಂತ ನಾನೆಲ್ಲಿ ಹೇಳ್ದೆ?"

"ಅದೂ ಸರಿನೇ" ಎಂದು ದರ್ಜಿ ಸೂಜಿಗೆ ದಾರ ಪೋಣಿಸಿ, ಕಿಟಕಿ ಪರದೆ ಎಷ್ಟು ಬೇಕೆಂದು ಟೀಚರಮ್ಮನನ್ನು ಇನ್ನೊಮ್ಮೆ ಕೇಳಿದ.