ಅಣ್ಣನ ಟ್ರಕ್ಕಿನ ಜಾತಕ

ಹಳೆಯ ಟ್ರಕ್ಕಿನ ಚಾಸಿ ನಂಬರಿನ ತಗಡು ಓದುವುದು ಬಹಳ ಸುಲಭ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದರೆ ಸಾಕು. ನಾನು ಎರಡು ನೋಡಿದ್ದೆ. ಅಂದ ಮೇಲೆ ಅಥಣಿಯಿಂದ ನಿಪ್ಪಾಣಿಯವರೆಗೆ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂದೇ ನನ್ನ ಭಾವನೆ.

ಟ್ರಕ್ಕು ನಮ್ಮಣ್ಣನದು. ಆಯುಷ್ಯವೆಲ್ಲ ಅಂಕಲಿಯಿಂದ ಕಾರ್ಖಾನೆಗೆ ಕಬ್ಬು ಹೊತ್ತ ಗಾಡಿ. ಹೋದ ವರ್ಷ ಅಣ್ಣ ತೀರಿಕೊಂಡ. ಗಾಡಿ ಅವನ ಮನೆಯ ಮುಂದೆ ನಿಂತೇ ಇತ್ತು. ಮದುವೆಯಾದ ವರ್ಷ ವೈನಿ, ಅಂದರೆ ನಮ್ಮ ಅತ್ತಿಗೆ, ತವರಿನಿಂದ ತಂದ ಬಂಗಾರದ ಪಾಟ್ಲಿ ಬಳೆ ಕೈಯಿಂದ ಬಿಚ್ಚಿ ಕೊಟ್ಟಿದ್ದರು. ಅದನ್ನು ಮಾರಿ ಅಣ್ಣ ಕೋರಾ ಗಾಡಿ ತಂದಿದ್ದ. ಹೊಚ್ಚ ಹೊಸದು. ವೈನಿ ಓಣಿಯ ತುಂಬ ಇದನ್ನೇ ಹೇಳಿಕೊಂಡು ಬದುಕಿದವರು. ಅಣ್ಣ ಹೋದ ಮೇಲೆ ಅವರಿಗೆ ಉಳಿದ ಬಂಗಾರ ಆ ಮಾತೊಂದೇ.

"ಬಸಣ್ಣಾ, ಗಾಡಿ ಹಣಿಮ್ಯಾಲ ಅದು ಹುಟ್ಟಿದ ವರ್ಷ ಬರಸೂಣು. ನಮ್ಮ ಲಗ್ನದ ವರ್ಷನ ಐತಿ. ಆದ್ರೂ ಕಾಗದಪತ್ರ ಗೆದ್ದಲ ತಿಂದಾವು, ನೀ ತಗಡ ಓದಿ ಹೇಳು," ಅಂದರು.

ತಗಡು ಬಾಗಿಲ ಸಂದಿಯಲ್ಲಿತ್ತು. ಖಂಡೇನವಮಿಗೆ ಎಲ್ಲರೂ ಸ್ಟೇರಿಂಗಿಗೆ ಪೂಜೆ ಮಾಡಿದರೆ ಅಣ್ಣ ಈ ತಗಡಿಗೆ ಮಾಡುತ್ತಿದ್ದ. ಇದು ಗಾಡಿಯ ಜಾತಕ ಅನ್ನುತ್ತಿದ್ದ. ವರ್ಷ ವರ್ಷದ ಎಣ್ಣೆ, ಕುಂಕುಮ ಕೂಡಿ ತಗಡೆಲ್ಲ ಕೆಂಪು. ಕೈಯಾಡಿಸಿದರೆ ಅಕ್ಷರದ ಉಬ್ಬು ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಕೆರೆಯಲು ನಾನು ಸ್ಕ್ರೂಡ್ರೈವರ್ ಎತ್ತಿದೆ.

"ಅವರು ಹಚ್ಚಿದ ಕುಂಕುಮ ಅದು. ಉಗುರ ಸೈತ ತಾಗಸಬ್ಯಾಡ," ಅಂದರು ವೈನಿ.

ಆಗ ನನ್ನ ಬುದ್ಧಿ ಕೆಲಸ ಮಾಡಿತು! ಬಿಳಿ ಕಾಗದವೊಂದನ್ನು ತಗಡಿನ ಮೇಲಿಟ್ಟು, ಗಟ್ಟಿಯಾಗಿ ಒತ್ತಿ ತೆಗೆದೆ. ಎಣ್ಣೆಗುಂಕುಮದ ಅಚ್ಚು ಮೂಡಿತು. ಅಂಕಿಗಳೆಲ್ಲ ಕಲಸಿಹೋಗಿ, ನಡುವಿನ ಒಂದು ಇಂಗ್ಲಿಷ್ ಅಕ್ಷರ ಮಾತ್ರ ಸ್ಪಷ್ಟವಾಗಿತ್ತು. ಜೆ. ವಿಡಿಯೊ ಪ್ರಕಾರ ಆ ಅಕ್ಷರವೇ ಗಾಡಿ ತಯಾರಾದ ವರ್ಷ. ವೈನಿಯ ಮದುವೆಯ ವರ್ಷಕ್ಕೆ ಇರಬೇಕಾದದ್ದು ಎಲ್. ಜೆ ಅಂದರೆ ಅದಕ್ಕಿಂತ ಎರಡು ವರ್ಷ ಹಳೆಯದು.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಪಂಡಿತರಿಗೆ ಅದು ಸಾಧ್ಯವೆ? ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶರ ಗತ್ತಿನಲ್ಲಿ ಘೋಷಿಸಿದೆ: "ವೈನಿ, ಇದು ಕೋರಾ ಗಾಡಿ ಅಲ್ರಿ. ಯಾರೋ ಎರಡ ವರ್ಷ ಓಡಿಸಿದ್ದನ್ನ ಅಣ್ಣ ತಂದಾನ."

"ಖಾತ್ರಿ ಏನು?"

"ನೂರಕ್ಕ ನೂರ ಖಾತ್ರಿರಿ."

ವೈನಿ ತಮ್ಮ ಬರಿಗೈ ನೋಡಿಕೊಂಡರು. "ನನ್ನ ಪಾಟ್ಲಿ ಕೋರಾ ಇದ್ದೂವಲ್ಲೋ," ಅಂದು ಒಳಗೆ ಹೋದರು.

ಮರುದಿನ ಅವರೇ ಭಂಗಾರದವನನ್ನು, ಅಂದರೆ ಗುಜರಿ ವ್ಯಾಪಾರಿಯನ್ನು, ಕರೆಸಿದರು. ನಾನು ಬೇಡವೆಂದೆ. "ಸುಳ್ಳಿನ ಗಾಡಿ ಬಾಗಲ ಮುಂದ ಬ್ಯಾಡ," ಅಂದರು. ಬಂಗಾರ ಕೊಟ್ಟು ತಂದದ್ದು ಭಂಗಾರಕ್ಕೆ ಹೋಯಿತು. ಗ್ಯಾಸ್ ಕಟರಿನಲ್ಲಿ ಗಾಡಿಯನ್ನು ಅಲ್ಲೇ ಕೊಯ್ದರು. ಸದ್ದು ಓಣಿಗೆಲ್ಲ ಕೇಳಿತು, ವೈನಿ ಹೊರಗೆ ಬರಲಿಲ್ಲ. ನೆನಪಿಗಿರಲಿ ಎಂದು ನಾನು ಆ ತಗಡು ಇಸಿದುಕೊಂಡೆ. ಮನೆಗೆ ತಂದು ಡೀಸೆಲ್ಲಿನಲ್ಲಿ ತೊಳೆದೆ. ಅಕ್ಷರ ಹೊಳೆಯಿತು.

ಎಲ್.

ನನ್ನ ಹೆಂಡತಿ ಕಮಲಾ ಕುಂಕುಮದ ಕಾಗದವನ್ನು ತಗಡಿನ ಪಕ್ಕ ಹಿಡಿದು ನೋಡಿದಳು. "ಶಿಕ್ಕಾ ಒತ್ತಿದಂಗ ಒತ್ತೀರಿ. ಉಲ್ಟಾ ಮೂಡದ ಏನ ಮಾಡತೈತ್ರಿ? ಎಲ್ ಎಡಾ-ಬಲಾ ಉಲ್ಟಾ ಆದ್ರ ಜೆ ಕಂಡಂಗ ಕಾಣತೈತಿ."

ಟಪಾಲು ಕಚೇರಿಯಲ್ಲಿ ಜೀವಮಾನವೆಲ್ಲ ಶಿಕ್ಕಾ ಒತ್ತಿಯೇ ನಿವೃತ್ತನಾದವನು ನಾನು!

ತಗಡು ಹಿಡಿದುಕೊಂಡು ವೈನಿಯ ಮನೆಗೆ ಓಡಿದೆ. ಗೋಡೆಯ ಮೇಲಿದ್ದ ಅಣ್ಣನ ಫೋಟೊ ತೆಗೆದುಬಿಟ್ಟಿದ್ದರು. ನನಗೆ ಅಳು ಬಂತು. "ವೈನಿ, ನಂದ ತಪ್ಪಾತ್ರಿ. ಗಾಡಿ ಕೋರಾನ ಇತ್ತು. ಅಣ್ಣ ಖರೇನ ಹೇಳಿದ್ದ. ಈ ಸಲ ಖಾತ್ರಿರಿ."

ವೈನಿಗೆ ಇಂಗ್ಲಿಷ್ ಬಾರದು. ತಗಡನ್ನು ಹಿಂದೆ ಮುಂದೆ ತಿರುವಿ ನೋಡಿ ನನ್ನ ಕೈಗೇ ಕೊಟ್ಟರು.

"ಆವತ್ತೂ ಖಾತ್ರಿ ಅಂದಿ, ಇವತ್ತೂ ಖಾತ್ರಿ ಅಂತಿ. ಸತ್ತ ಅಣ್ಣನ ಮರ್ಯಾದಿ ಉಳಸಾಕ ಸುಳ್ಳ ಹೇಳಾಕತ್ತಿ. ಇರಲಿ. ನೀನರ ಒಳ್ಳ್ಯಾವ ಅದಿ, ಬಸಣ್ಣಾ. ಚಾ ಕುಡದ ಹೋಗು."

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ, ಅಣ್ಣನನ್ನು ಸುಳ್ಳುಗಾರನನ್ನಾಗಿ ಮಾಡಿದ ನಾನು, ಒಳ್ಳೆಯವನಾಗಿ ಕುಳಿತು ಚಹಾ ಕುಡಿದು ಬಂದೆ.